ಬಿ.ಎಚ್. ರಸ್ತೆಯ ಆ ಕೊನೆ

ತಿಪಟೂರಿನ ಅಂಗಡಿ ಬೋರ್ಡುಗಳ ಕೆಳಗೆ ‘ಬಿ.ಎಚ್. ರಸ್ತೆ’ ಎಂದು ಬರೆದಿರುತ್ತದೆ. ತುರುವೇಕೆರೆ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಅದು ಯಾರೋ ದೊಡ್ಡ ಮನುಷ್ಯರ ಹೆಸರಿರಬೇಕು ಅಂದುಕೊಂಡಿದ್ದೆ. ಬೆಂಗಳೂರು–ಹೊನ್ನಾವರ ಅಂತ ಗೊತ್ತಾದದ್ದು ಆಮೇಲೆ. ಬೆಂಗಳೂರಿಗೆ ಆಸ್ಪತ್ರೆ, ಮಗಳ ಕಾಲೇಜು, ನೆಂಟರ ಮದುವೆ ಅಂತ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇವೆ. ‘ಎಚ್’ ಮಾತ್ರ ನೋಡಿರಲಿಲ್ಲ. ಕಳೆದ ಡಿಸೆಂಬರಿಗೆ ನಮ್ಮ ಮದುವೆಗೆ 25 ವರ್ಷ. ಮಗಳು ಗೋವಾ, ಊಟಿ ಅಂತ ಪಟ್ಟಿ ಹಾಕಿದಳು. “ಮನೆ ಮುಂದಿನ ರಸ್ತೇಲೇ ಹೋಗೋಣ, ಅದು ಮುಗಿಯೋವರೆಗೂ” ಅಂದೆ ನಾನು. ಇವರು ತಕ್ಷಣ ಒಪ್ಪಿದರು. ಮುಂದಿನ ಕೊಬ್ಬರಿ ಹರಾಜಿನೊಳಗೆ ವಾಪಸಾಗಬಹುದು ಅನ್ನುವುದು ಅವರ ಲೆಕ್ಕ.

ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದಾರಿ. ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ, ಎಲ್ಲಿ ನೋಡಿದರೂ ಬೋರ್ಡಿನಲ್ಲಿ ನಮ್ಮದೇ ವಿಳಾಸ! ತರೀಕೆರೆ ಹೊತ್ತಿಗೆ ತೆಂಗು ಹಿಂದೆ ಸರಿದು ಅಡಿಕೆ ಮುಂದೆ ಬಂತು. ಜೋಗವನ್ನು ನೋಡಿದ ಶಾಸ್ತ್ರ ಮಾಡಿದೆವು. ಲಿಂಗನಮಕ್ಕಿಯಲ್ಲಿ ನೀರು ನಿಂತ ಮೇಲೆ ಡಿಸೆಂಬರಿನ ಜೋಗ ಅಂದರೆ 253 ಮೀಟರ್ ಬಂಡೆಯ ಮೇಲೆ ಇಳಿಬಿಟ್ಟ ನಾಲ್ಕು ದಾರ. ಗೇರುಸೊಪ್ಪ ಘಾಟಿ ಇಳಿಯುತ್ತ ಕಿಟಕಿಯಿಂದ ಬರುವ ಗಾಳಿಯೇ ಅಂಟಂಟಾಯಿತು. ಘಾಟಿ ಮುಗಿಯುತ್ತಲೇ ಮತ್ತೆ ತೆಂಗು.

ಆದರೆ ಇದು ನಮ್ಮ ತೆಂಗಲ್ಲ. ಮೂರು ವರ್ಷದಿಂದ ತೋಟದ ಮಂಜು, ಸಾಲುಮರಗಳ ಫೋಟೋ ತೆಗೆದು ತೆಗೆದು ನನ್ನ ಕಣ್ಣಿಗೆ ತೆಂಗು ಅಂದರೆ ನೆಟ್ಟಗೆ ಗೆರೆ ಎಳೆದ ಹಾಗೆ. ಇಲ್ಲಿ ಶರಾವತಿಯ ದಡದಲ್ಲಿ ಅವು ಬೆಳಕು ಹುಡುಕಿಕೊಂಡು ನೀರಿನ ಮೇಲೆ ಬಾಗಿ, ಮತ್ತೆ ತಲೆ ಎತ್ತಿವೆ. ಮರುದಿನ ಬೆಳಿಗ್ಗೆ ದೋಣಿಯಲ್ಲಿ ಮಾವಿನಕುರ್ವೆಯ ಕಡೆ ಹೊರಟೆವು. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದಾದ ಎರಡು ಕಿಲೋಮೀಟರ್ ದಾಟುವ ಸೇತುವೆ ಅಳಿವೆಗೆ ಅಡ್ಡಲಾಗಿ ಮಲಗಿತ್ತು. ದೋಣಿಯಲ್ಲಿ ಟ್ರೈಪಾಡ್ ಹೂಡಿದ ನನ್ನ ದಡ್ಡತನಕ್ಕೆ ದೋಣಿಯವರು ನಕ್ಕರು. ಟ್ರೈಪಾಡ್ ಅಲುಗಾಡದಿದ್ದರೇನು, ನೀರು ಅಲುಗಾಡುತ್ತದಲ್ಲ! ಸೇತುವೆಯ ಹನ್ನೆರಡು ಚಿತ್ರಗಳಲ್ಲಿ ಒಂದೂ ನೆಟ್ಟಗಿಲ್ಲ.

ಇವರ ಗಮನವೆಲ್ಲ ಕಾಯಿಯ ಮೇಲೆ. ದಡದ ಮನೆಯಂಗಳದಲ್ಲಿ ರಾಶಿ ಕಂಡದ್ದೇ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

“ಅಟ್ಟಕ್ಕೆ ಹಾಕಲ್ವಾ ಯಜಮಾನ್ರೇ?”

“ಅಟ್ಟಕ್ಕೆ ಹಾಕಿದ್ರೆ ಮೊಳಕೆ ಬತ್ತದೆ ಮಾರಾಯ್ರೇ. ಒಡೆದು ಬಿಸಿಲಿಗೆ ಹಾಕೂದು, ಎಣ್ಣೆ ತೆಗೆಯೂದು.”

ಇವರಿಗೆ ನಂಬಿಕೆಯೇ ಬರಲಿಲ್ಲ. ನಮ್ಮಲ್ಲಿ ಬಲಿತ ಕಾಯಿ ಅಟ್ಟ ಸೇರಿದರೆ ಎಂಟು, ಹತ್ತು ತಿಂಗಳು ಅತ್ತ ನೋಡುವುದಿಲ್ಲ. ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಒಳಗೇ ಗುಂಡಗೆ ಉರುಳುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಸದ್ದು. ಒಡೆದರೆ ಇಡೀ ಗಿಟುಕು. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಉಂಡೆ ಕೊಬ್ಬರಿ ಅಂದರೆ ಇದೇ. ಅದು ನಮ್ಮ ಜಾಣತನ ಅಂತ ಇವರು ಇಷ್ಟು ವರ್ಷ ನಂಬಿದ್ದರು. ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಲ್ಲಿ ನಿಂತಾಗ, ಅರ್ಧ ಜಾಣತನ ನಮ್ಮ ಒಣಹವೆಯದು ಅಂತ ಒಪ್ಪಿಕೊಳ್ಳಬೇಕಾಯಿತು.

ಸಂಜೆ ನದಿ ದಾಟಿ ಕಾಸರಕೋಡಿನ ಕಡಲತೀರ. 2020ರಲ್ಲಿ ಪಡುಬಿದ್ರಿಯ ಜೊತೆಗೇ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಜಾಗ, ಮರಳು ಚೊಕ್ಕಟವಾಗಿದೆ. ನಮ್ಮ ಕಡೆ ಸರ್ವೆ ಅನ್ನುವ ಮರವನ್ನು ಇಲ್ಲಿ ಗಾಳಿಮರ ಅನ್ನುತ್ತಾರೆ. ಆ ಹೆಸರೇ ಸರಿ, ಅದರ ಕೆಳಗೆ ನಿಂತರೆ ಕಡಲಿನದಾವುದು ಮರದ್ದಾವುದು ಅಂತ ಸದ್ದು ಬೇರ್ಪಡಿಸಲಾಗುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಶಟರನ್ನು 15 ಸೆಕೆಂಡು ತೆರೆದಿಟ್ಟು ಅಲೆಗಳನ್ನು ಹೊಗೆಯಂತೆ ಹಿಡಿಯಬೇಕೆಂಬುದು ನನ್ನ ಆಸೆ. ಅಲೆ ಬಂದು ಹೋದ ಹಾಗೆಲ್ಲ ಟ್ರೈಪಾಡಿನ ಕಾಲು ಮರಳಿಗಿಳಿಯುತ್ತಿತ್ತು. ಇವರು ಎಳನೀರಿನವರ ಹತ್ತಿರ ಹೋಗಿ ಮೂರು ಚಿಪ್ಪು ತಂದು, ಬೋರಲು ಹಾಕಿ ಒತ್ತಿ, “ಈಗ ಇಡು” ಅಂದರು. ಅಲುಗಾಡಲಿಲ್ಲ!

“ಅಲ್ಲೇ ನೀರಂಚಲ್ಲಿ ನಿಂತ್ಕೊಳ್ರೀ, ಅಲ್ಲಾಡಬೇಡಿ” ಅಂದೆ. ನಿಂತರು. ಆರನೇ ಸೆಕೆಂಡಿಗೆ ಮೀನುಗಾರರ ದೋಣಿಯೊಂದು ಕಂಡಿತು, ಅತ್ತ ತಿರುಗಿದರು. ಆಮೇಲೆ ಪಂಚೆ ಎತ್ತಿ ಕಟ್ಟಿದರು. 25 ವರ್ಷದಲ್ಲಿ 15 ಸೆಕೆಂಡು ಸುಮ್ಮನೆ ನಿಂತ ಮನುಷ್ಯರಲ್ಲ. ಚಿತ್ರದಲ್ಲಿ ದಿಗಂತ ಗೆರೆ ಕೊಯ್ದಂತಿದೆ, ಕಡಲು ಹಾಲಿನಂತಿದೆ, ನಡುವೆ ಪಂಚೆ ಬಣ್ಣದ ಒಂದು ಮಬ್ಬು. ಮಗಳು ಅದನ್ನು ಅಳಿಸು ಅಂದಳು. ನಾನು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ.

ನೀವು ಹೋಗುವುದಾದರೆ ಘಾಟಿಯನ್ನು ಹಗಲಲ್ಲೇ ಇಳಿಯಿರಿ. ಉಪ್ಪುಗಾಳಿಗೆ ಲೆನ್ಸ್ ಬೇಗ ಮಸುಕಾಗುತ್ತದೆ, ಒರೆಸಲು ಎರಡು ಹತ್ತಿಬಟ್ಟೆ ಇರಲಿ. ಮೂರು ಚಿಪ್ಪು ಮನೆಯಿಂದಲೇ ಒಯ್ಯಿರಿ, ಬರುವಾಗ ವಾಪಸ್ ತನ್ನಿ.