ಹೆಸರಿನೊಳಗಿನ ಗೆರೆ

ನಮ್ಮ ಬೀದಿಯ ವಾಚನಾಲಯದ ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದವರು ನಾವೇ. ನಿವೃತ್ತಿಯ ಬಿಡುವಿನಲ್ಲಿ ಪುಸ್ತಕಗಳನ್ನು ನೋಡಿ ಕಲಿತು, ಮನೆಯಿಂದಲೇ ಹೆಸರು ನೋಂದಾಯಿಸಿ ಪುಸ್ತಕ ಕಾದಿರಿಸುವಂತೆ ಅಂತರ್ಜಾಲದಲ್ಲಿ ಒಂದು ಪುಟವನ್ನು ಏರ್ಪಡಿಸಿದ್ದೆವು. ಎರಡು ವರ್ಷ ಅದು ನಿರ್ವಿಘ್ನವಾಗಿ ನಡೆಯಿತು. ನಮಗೆ ತುಸು ಗರ್ವವೂ ಬಂದಿದ್ದಿತೆಂದು ಒಪ್ಪಿಕೊಳ್ಳಲೇಬೇಕು.

ಹೀಗಿರಲು ಮಂಗಳೂರಿನಿಂದ ನಮ್ಮ ಬೀದಿಗೆ ಬಂದ ಉಪಾಧ್ಯಾಯಿನಿಯೊಬ್ಬರು ತಮ್ಮ ಹೆಸರನ್ನು ಬರೆದೊಡನೆ ಯಂತ್ರವು ಸ್ತಬ್ಧವಾಯಿತು. ಅವರ ಮನೆತನದ ಹೆಸರು ಡಿ'ಸೋಜ. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಅಕ್ಷರದ ಮಗ್ಗುಲಲ್ಲಿ, ಮೇಲುಗಡೆ, ಒಂದು ಸಣ್ಣ ಗೆರೆ ಬರುವುದಷ್ಟೆ. "ಆ ಗೆರೆಯನ್ನು ಬಿಟ್ಟು ಬರೆಯಿರಿ, ತಾಯಿ" ಎಂದೆವು. ಅವರು ನಕ್ಕರಾದರೂ ಮುಖ ಬಾಡಿತು. "ನಮ್ಮ ತಂದೆಯವರಿಂದ ಬಂದ ಹೆಸರು. ನಿಮ್ಮ ಯಂತ್ರಕ್ಕಾಗಿ ಅದನ್ನು ತಿದ್ದಿಕೊಳ್ಳಬೇಕೇ?" ನಮಗೆ ಉತ್ತರ ತೋಚಲಿಲ್ಲ.

ದಸರೆಗೆ ಬಂದಿದ್ದ ಸೋದರಳಿಯನಿಗೆ ಇದನ್ನು ಹೇಳಿದೆವು. ಹುಡುಗ ಈ ಕಸುಬಿನವನೇ. ಸದಸ್ಯರ ಹೆಸರು ಹುಡುಕುವ ಅಂಕಣದಲ್ಲಿ ಅದೇ ಗೆರೆಯನ್ನಿಟ್ಟು, ಮುಂದೆ ಏಳೆಂಟು ಅಕ್ಷರಗಳನ್ನು ಒತ್ತಿದನು. ಸದಸ್ಯರೆಲ್ಲರ ವಿಳಾಸ, ದೂರವಾಣಿ ಸಂಖ್ಯೆಗಳು ತೆರೆಯ ಮೇಲೆ ಸಾಲಾಗಿ ಬಂದು ನಿಂತವು. "ಮಾವ, ಆ ತಾಯಿ ನಿಮಗೆ ಉಪಕಾರ ಮಾಡಿದ್ದಾರೆ" ಎಂದನು.

ಸಂಗತಿ ಇಷ್ಟೆ. ಅಂಗಡಿಯವನಿಗೆ ಒಂದು ಚೀಟಿ ಬರೆದು, "ಒಂದು ಸೇರು ಅಕ್ಕಿಯನ್ನು ಕೊಡತಕ್ಕದ್ದು" ಎಂಬುದರ ಮುಂಚೆ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಬಂದವನ ಕೈಗೇ ಲೇಖನಿಯನ್ನು ಕೊಟ್ಟೆವೆನ್ನಿ. ಅವನು "ರಾಮಯ್ಯನಿಗೆ ಪೆಟ್ಟಿಗೆಯ ಹಣವನ್ನೆಲ್ಲ ಮತ್ತು" ಎಂದು ತುಂಬಿದರೆ? ಅಂಗಡಿಯವನ ಕಣ್ಣಿಗೆ ಎಲ್ಲವೂ ನಮ್ಮ ಅಪ್ಪಣೆಯೇ. ನಾವು ರಚಿಸಿದ ಪ್ರೋಗ್ರಾಮೂ ಪಟ್ಟಿಯ ಭಂಡಾರಕ್ಕೆ ಹೀಗೆಯೇ ಚೀಟಿ ಬರೆಯುತ್ತಿದ್ದಿತು. ಹೆಸರು ಎಲ್ಲಿ ಮುಗಿಯಿತೆಂಬುದಕ್ಕೆ ಆ ಗೆರೆಯೇ ಗುರುತು. ಆದುದರಿಂದ ಹೆಸರು ಡಿ ಎಂಬಲ್ಲಿಯೇ ಮುಗಿದು, ಸೋಜ ಎಂಬುದನ್ನು ಅಪ್ಪಣೆಯೆಂದು ಓದಿ ಯಂತ್ರವು ಕಂಗೆಟ್ಟಿತು.

ಈ ಕೇಡನ್ನು 1998ರಲ್ಲಿಯೇ ಫ್ರ್ಯಾಕ್ ಎಂಬ ಪತ್ರಿಕೆಯಲ್ಲಿ ವಿವರಿಸಿದ್ದರು. ಆದಾಗ್ಯೂ 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಸಂಸ್ಥೆಯ 1,56,959 ಗ್ರಾಹಕರ ವಿವರಗಳು ಇದೇ ದಾರಿಯಿಂದ ಕಳುವಾದವು. ಮರುವರ್ಷ ಆ ಸಂಸ್ಥೆಗೆ 4,00,000 ಪೌಂಡುಗಳ ದಂಡ ಬಿದ್ದಿತು.

ಹಾಗಾದರೆ ಗೆರೆಯನ್ನೇ ನಿಷೇಧಿಸೋಣವೆಂದೆವು. "ಕಳ್ಳನಿಗೆ ಹೆದರಿ ನೆಂಟರನ್ನು ಹೊರಗಿಡುವುದೇ?" ಎಂದು ಹುಡುಗನು ಒಪ್ಪಲಿಲ್ಲ. ಅಪ್ಪಣೆಯನ್ನು ಮೊದಲೇ ಗೊತ್ತುಮಾಡಿ, ಹೆಸರನ್ನು ಬೇರೊಂದು ಲಕೋಟೆಯಲ್ಲಿಟ್ಟು ಒಪ್ಪಿಸುವಂಥ ಪದ್ಧತಿಯನ್ನು ತಂದನು. ಲಕೋಟೆಯೊಳಗೆ ಏನೇ ಬರೆದಿರಲಿ, ಅದು ಹೆಸರಾಗಿಯೇ ಉಳಿಯುವುದು. ದೂರವಾಣಿಯ ಅಂಕಣದಲ್ಲಿ 10 ಅಂಕಿಗಳಲ್ಲದೆ ಬೇರೇನೂ ಸಲ್ಲದು. ಈ ಪರೀಕ್ಷೆಯನ್ನು ನಾವು ಬಂದವರ ಬ್ರೌಸರಿನಲ್ಲಿ ಮಾತ್ರ ಇಟ್ಟಿದ್ದೆವು; ಬಾಗಿಲು ಕಾಯುವ ಕೆಲಸವನ್ನು ಬಂದವನಿಗೇ ಒಪ್ಪಿಸಿದ ಹಾಗೆ! ಮನಸ್ಸು ಮಾಡಿದವನು ಅದನ್ನು ಸುಲಭವಾಗಿ ದಾಟಬಲ್ಲನು. ಈಗ ಸರ್ವರಿನಲ್ಲಿಯೂ ಅದು ತಪ್ಪದೆ ನಡೆಯುತ್ತದೆ.

ದುರಸ್ತಿಗೆ ಒಂದು ಮಧ್ಯಾಹ್ನ ಸಾಕಾಯಿತು. ಪತ್ರ ಬರೆಯುವುದೇ ಕಷ್ಟವಾಯಿತು. ಎರಡು ವರ್ಷ ನಿಮ್ಮ ವಿಳಾಸಗಳು ತೆರೆದು ಬಿದ್ದಿದ್ದವು, ಯಾರು ನೋಡಿದರೋ ಹೇಳಲಾರೆವು ಎಂದು ಪ್ರತಿಯೊಬ್ಬ ಸದಸ್ಯರಿಗೂ ತಿಳಿಸಿದೆವು. ಇಬ್ಬರು ಹೆಸರನ್ನು ತೆಗೆಸಿದರು. ತೆಗೆಸಬೇಡಿರೆನ್ನಲು ನಮಗೆ ಬಾಯಿ ಬರಲಿಲ್ಲ.

ಉಪಾಧ್ಯಾಯಿನಿಯವರು ಆ ವಾರವೇ ಬಂದು, ಗೆರೆಸಹಿತವಾಗಿ ಹೆಸರನ್ನು ಬರೆದರು. ರಸೀದಿಯನ್ನು ಕನ್ನಡಕವೇರಿಸಿ ಒಮ್ಮೆ ನೋಡಿ, ಮಡಿಸಿ ಚೀಲದಲ್ಲಿಟ್ಟುಕೊಂಡು, ಕಾದಂಬರಿಗಳ ಕಪಾಟು ಎಲ್ಲಿದೆಯೆಂದು ಕೇಳಿದರು.