ಗುಮ್ಮಟದ ಊರಿನ ತಿರುಗು ಕುದುರೆ

ವಿಜಯಪುರದಲ್ಲಿ ರೈಲು ಇಳಿದು ಸ್ಟೇಷನ್ ರಸ್ತೆ ಹಿಡಿದರೆ ಮೊದಲು ಎದುರಾಗುವುದು ಗೋಲಗುಮ್ಮಟ. ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಚೌಕ ಗೋಡೆಗಳನ್ನು ಮೇಲೇರುತ್ತ ದುಂಡಗಾಗಿಸಿ, ಒಳಗೆ ಒಂದೂ ಕಂಬವಿಲ್ಲದೆ ಸುಮಾರು 38 ಮೀಟರ್ ಅಗಲದ ಗುಮ್ಮಟವನ್ನು ಹೊತ್ತು ನಿಂತಿವೆ. ಸಂಕ್ರಾಂತಿಯ ಹೊತ್ತಿಗೆ ಮಾತ್ರ ಯಾರೂ ಅದರತ್ತ ಕಣ್ಣೆತ್ತುವುದಿಲ್ಲ. ಎಲ್ಲರ ಕಾಲೂ ಸಿದ್ಧೇಶ್ವರ ಜಾತ್ರೆಯ ಕಡೆ.

ಜಾತ್ರೆಯಲ್ಲಿ ನಾನು ಹುಡುಕಿದ್ದು ಕೈಯಿಂದ ತಿರುಗಿಸುವ ಕುದುರೆಗಳನ್ನು. ನಡುವೆ ಕಬ್ಬಿಣದ ಕಂಬ, ಮೇಲೆ ಛತ್ರಿಯಂತೆ ಬಿಚ್ಚಿದ ಸರಳುಗಳು, ಸರಪಳಿಗೆ ತೂಗುಬಿದ್ದ ಕುದುರೆಗಳು. ಕರಿ ಕುದುರೆಗೆ ಒಂದು ಕಿವಿಯಿಲ್ಲ, ಬಣ್ಣದಡಿ ಹಳೆಯ ಬಣ್ಣ ಇಣುಕುತ್ತಿದೆ. ಆದರೂ ಜಗಳ ಅದಕ್ಕೇ. “ಯಪ್ಪಾ, ನಾ ಕರಿ ಕುದ್ರಿ ಮ್ಯಾಲನ ಕುಂದರಾಂವ!” ಆಳು ಸರಳು ನೂಕುತ್ತ ನಾಲ್ಕು ಹೆಜ್ಜೆ ಓಡಿದ್ದೇ ತಡ, ಕುದುರೆಗಳು ಹೊರಕ್ಕೆ ವಾಲಿ ಹಾರತೊಡಗಿದವು.

ಈ ಆಟದ ಬೇರು ನಿಜವಾದ ಕುದುರೆ ಸವಾರಿಯಲ್ಲೇ ಇದೆ. ಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಆರು ವರ್ಷಕ್ಕೆ, 1662ರಲ್ಲಿ, ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಪ್ಯಾರಿಸ್ಸಿನ ಅರಮನೆಯೆದುರು ಭಾರೀ ಸವಾರಿ ಪಂದ್ಯ ನಡೆಸಿದ. ಓಡುವ ಕುದುರೆಯಿಂದಲೇ ಈಟಿಯಲ್ಲಿ ಗುರಿ ಚುಚ್ಚುವುದು ಅಂಥ ಪಂದ್ಯಗಳ ಗಮ್ಮತ್ತು. ಅದರ ತಾಲೀಮಿಗೆಂದು ಮಾಡಿದ ಕಟ್ಟಿಗೆ ಕುದುರೆಗಳೇ ಮುಂದೆ ಮಕ್ಕಳ ಪಾಲಾದವು ಎನ್ನುತ್ತಾರೆ. ಅರಬೀ ಕುದುರೆಗಳ ಬಂದರಾದ ಗೋವೆಯನ್ನು 1510ರಲ್ಲಿ ಪೋರ್ಚುಗೀಸರಿಗೆ ಕಳೆದುಕೊಂಡ ಈ ಊರಿಗೆ ಕುದುರೆಯ ಬೆಲೆ ಹೇಳಿಕೊಡಬೇಕೆ!

ಮೂಲ ಪ್ಯಾರಿಸ್ ಒಂದೇ ಎನ್ನಲೂ ಬಾರದು. ಪೀಟರ್ ಮಂಡಿ ಎಂಬ ಇಂಗ್ಲಿಷ್ ಯಾತ್ರಿಕ 1620ರಲ್ಲೇ ತುರ್ಕರ ಆಳ್ವಿಕೆಯ ಬಲ್ಗೇರಿಯಾದಲ್ಲಿ ಮಕ್ಕಳು ಕೂತು ತಿರುಗುವ ಅಡ್ಡ ಚಕ್ರವನ್ನು ಕಂಡು ಬರೆದಿಟ್ಟ. ಅದೇ ಮಂಡಿ 1637ರಲ್ಲಿ ಭಟ್ಕಳಕ್ಕೆ ಬಂದಿಳಿದು, ಘಟ್ಟ ಹತ್ತಿ ಇಕ್ಕೇರಿಗೂ ಹೋಗಿದ್ದ. ಎಲ್ಲಿಂದ ಎಲ್ಲಿಗೆ!

ಮುಂದಿನದು ಯಂತ್ರದ ಕಾಲ. ಇಂಗ್ಲೆಂಡಿನ ಫ್ರೆಡರಿಕ್ ಸ್ಯಾವೇಜ್ ನಡುವೆ ಉಗಿಯಂತ್ರ ಕೂಡಿಸಿದ. ತಲೆಮೇಲಿನ ಡೊಂಕು ಸರಳು ಹೊರಳಿದಂತೆ ಕುದುರೆಗಳು ಏರಿಳಿದು ನಾಗಾಲೋಟ ಹೂಡಿದವು. ಅಮೆರಿಕದ ಕೋನಿ ಐಲೆಂಡಿನಲ್ಲಿ ಚಾರ್ಲ್ಸ್ ಲೂಫ್ 1876ರಲ್ಲಿ ಕೆತ್ತಿದ ಕುದುರೆಗಳನ್ನು ನಿಲ್ಲಿಸಿದ. ಅದೇ ಕಡಲತೀರದಲ್ಲಿ 1897ರಲ್ಲಿ ಬೇಲಿ ಹಾಕಿ ಟಿಕೆಟ್ ಇಟ್ಟ ಸ್ಟೀಪಲ್‌ಚೇಸ್ ಪಾರ್ಕ್ ತೆರೆಯಿತು. ಅಲ್ಲಿ ಹೆಸರು ಮಾಡಿದ್ದೂ ಹಳಿಯ ಮೇಲೋಡುವ ಕುದುರೆಗಳೇ. ಬಿಡದಿಯ ಬಳಿ 2005ರಲ್ಲಿ ಬಾಗಿಲು ತೆರೆದ ವಂಡರ್‌ಲಾ ಕೂಡ ಇದೇ ವಂಶದ್ದು.

ಬ್ರಿಟನ್ನಿನ ಕುದುರೆಗಳು ಪ್ರದಕ್ಷಿಣೆಯಾಗಿ ತಿರುಗುತ್ತವೆ, ಅಮೆರಿಕದವು ಅಪ್ರದಕ್ಷಿಣೆಯಾಗಿ. ಜಾತ್ರೆಯವು ಪ್ರದಕ್ಷಿಣೆಯಾಗಿಯೇ ಸುತ್ತುತ್ತಿದ್ದವು. ಗುಡಿಯ ಪದ್ಧತಿಯೇ ಇರಬೇಕೆಂದು ಖುಷಿಯಿಂದ ಆ ಆಳನ್ನು ಕೇಳಿದೆ.

“ಹಂಗೇನಿಲ್ರೀ. ನನಗ ಬಲಗೈ ಜೋರೈತಿ, ನೂಕಾಕ ಹಿಂಗ ಹಗೂರ ಆಕ್ಕೈತಿ. ಸರೀರಿ, ಹುಡುಗ್ರು ಇಳೀಲಿ.”