ತಮ್ಮನ ಹಿಮ್ಮಡಿ

ನಮ್ಮ ಕರಾವಳಿಯಲ್ಲಿ ಹಿಮ್ಮಡಿಯ ಮೂಳೆ ಮುರಿಯಲು ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ತೆಂಗಿನ ಮರವಿದೆ, ಅಡಿಕೆ ಮರವಿದೆ, ಮಳೆಗಾಲಕ್ಕೆ ಮುಂಚೆ ಹಂಚು ಸರಿಪಡಿಸಲು ಹತ್ತುವ ಮಾಡು ಇದೆ. ಮೇಲಿನಿಂದ ಬಿದ್ದವನು ಕಾಲ ಮೇಲೆ ಬಿದ್ದರೆ ಇಡೀ ಮೈಯ ಭಾರ ತಾಗುವುದು ಹಿಮ್ಮಡಿಗೇ. ಬಂದರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ತಮ್ಮ ಕಳೆದ ವರ್ಷ ಮೇ ತಿಂಗಳಲ್ಲಿ ತನ್ನ ಹಳೆಯ ಗೋದಾಮಿನ ಮಾಡಿನಿಂದ ಬಿದ್ದದ್ದೂ ಹಾಗೆಯೇ. ಹತ್ತಡಿ ಎತ್ತರ ಇದ್ದಿರಬಹುದು. ಬಲಗಾಲಿನ ಹಿಮ್ಮಡಿ ಒಡೆದಿತ್ತು.

ಮಕ್ಕಳೇ, ನಮ್ಮ ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಿಮ್ಮಡಿಯದ್ದು. ದೊಡ್ಡದೆಂದ ಮಾತ್ರಕ್ಕೆ ಕಲ್ಲಿನಂತೆ ಗಟ್ಟಿ ಎಂದುಕೊಳ್ಳಬೇಡಿ. ಹೊರಗೆ ತೆಳ್ಳಗಿನ ಚಿಪ್ಪು, ಒಳಗೆ ಸ್ಪಂಜಿನಂಥ ಮೂಳೆ. ಗೋಳಿಬಜೆಯ ಹಾಗೆ ಎನ್ನೋಣ. ಅದರ ಮೇಲೆ ಇನ್ನೊಂದು ಮೂಳೆ ಕೂತಿದೆ. ಬಿದ್ದಾಗ ಆ ಮೇಲಿನ ಮೂಳೆ ಬೆಣೆ ಹೊಡೆದಂತೆ ಕೆಳಗಿನದರೊಳಗೆ ನುಗ್ಗುತ್ತದೆ. ಹಿಮ್ಮಡಿ ಕುಸಿದು ಗಿಡ್ಡವಾಗುತ್ತದೆ, ಅಡ್ಡಕ್ಕೆ ಅಗಲವಾಗುತ್ತದೆ, ಇವೆರಡರ ನಡುವಿನ ಸಂದು ಕೆಡುತ್ತದೆ. ಓರೆಕೋರೆ ನೆಲದಲ್ಲಿ ನಾವು ಮುಗ್ಗರಿಸದೆ ನಡೆಯುವುದು ಆ ಸಂದಿನ ದೆಸೆಯಿಂದ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ನೋಡಿದ್ದು ತಮ್ಮನ ಬೆನ್ನನ್ನು, ಆಮೇಲೆ ಎಡಗಾಲನ್ನು. ಮೇಲಿಂದ ಬಿದ್ದು ಹಿಮ್ಮಡಿ ಮುರಿದವರಲ್ಲಿ ಕೆಲವರಿಗೆ ಬೆನ್ನುಮೂಳೆಗೂ ಪೆಟ್ಟಾಗಿರುತ್ತದಂತೆ. ಪುಣ್ಯಕ್ಕೆ ಇವನಿಗೆ ಆಗಿರಲಿಲ್ಲ. ಎಕ್ಸ್‌ರೇಯ ಮೇಲೆ ಎರಡು ಗೆರೆ ಎಳೆದು ಒಂದು ಕೋನ ಅಳೆದರು. ವಿಯೆನ್ನಾದ ಲೊರೆಂಟ್ಸ್ ಬೋಲರ್ ಎಂಬ ವೈದ್ಯರು 1931ರಲ್ಲಿ ಹೇಳಿಕೊಟ್ಟ ಅಳತೆ ಅದು. ಸರಿಯಿದ್ದ ಕಾಲಿನಲ್ಲಿ 20ರಿಂದ 40 ಡಿಗ್ರಿ ಇರುತ್ತದೆ. ತಮ್ಮನದ್ದು 5ಕ್ಕೆ ಇಳಿದಿತ್ತು. ಸಿ.ಟಿ. ಸ್ಕ್ಯಾನ್‌ನಲ್ಲಿ ಸಂದು ಮೂರು ತುಂಡಾದದ್ದು ಕಂಡಿತು.

ಆಪರೇಷನ್ ನಾಳೆಯೇ ಆಗುತ್ತದೆ ಎಂದುಕೊಂಡಿದ್ದೆವು. ಡಾಕ್ಟರು ಬೇಡವೆಂದರು. ಕಾಲು ಹಲಸಿನ ಕಾಯಿಯಂತೆ ಊದಿತ್ತು. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು, ಊತ ಇಳಿದು ಚರ್ಮದಲ್ಲಿ ಸುಕ್ಕು ಮೂಡುವವರೆಗೆ ಕಾಯಬೇಕಂತೆ. ಎಲ್ಲರೂ ಸುಕ್ಕು ಬೇಡ ಅನ್ನುವ ಕಾಲದಲ್ಲಿ ನಾವು ದಿನಾ ಬೆಳಿಗ್ಗೆ ಸುಕ್ಕು ಬಂತೇ ಎಂದು ನೋಡಿದೆವು.

ಆ ದಿನಗಳಲ್ಲೇ ಮನೆಯಲ್ಲಿ ಚರ್ಚೆ ಶುರುವಾಯಿತು. "ಅಣ್ಣ, ಎಂತ ಮಾಡುವುದು? ನೀನೇ ಹೇಳು" ಎಂದ ತಮ್ಮ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದವನು ನಾನು. ಕಾಗದದ ಮೇಲೆ ಗೆರೆ ಹಾಕಿ ಡಾಕ್ಟರು ಹೇಳಿದ್ದನ್ನು ಬರೆದುಕೊಂಡೆ. ಹಿಮ್ಮಡಿಯ ಹೊರಬದಿಯಲ್ಲಿ ಇಂಗ್ಲಿಷಿನ 'ಎಲ್' ಅಕ್ಷರದಂತೆ ದೊಡ್ಡದಾಗಿ ಕೊಯ್ದು, ಚರ್ಮ ಎತ್ತಿ, ತುಂಡುಗಳನ್ನು ಜೋಡಿಸಿ ಪ್ಲೇಟು ಹಾಕುವುದು ಹಳೆಯ ಕ್ರಮ. ಹರಡಿನ ಕೆಳಗೆ ಮೂರ್ನಾಲ್ಕು ಸೆಂಟಿಮೀಟರ್ ಮಾತ್ರ ಕೊಯ್ದು, ಅಲ್ಲಿಂದಲೇ ಸಂದನ್ನು ಎತ್ತಿ ಕೂರಿಸುವುದು ಇನ್ನೊಂದು. ಸೂಜಿಗಾತ್ರದ ತೂತುಗಳಿಂದ, ಎಕ್ಸ್‌ರೇ ಪರದೆ ನೋಡುತ್ತಾ ಸ್ಕ್ರೂ ತಿರುಗಿಸುವುದೂ ಉಂಟು, ಆದರೆ ಅದು ಒಡಕು ಸರಳವಾಗಿದ್ದವರಿಗೆ. ಸಂದು ಪುಡಿಪುಡಿಯಾಗಿದ್ದರೆ ಎರಡು ಮೂಳೆಗಳನ್ನೂ ಬೆಸೆದುಬಿಡುವುದುಂಟು.

ಏಳನೇ ಕ್ಲಾಸಿನ ಮೊಮ್ಮಗಳು ಕಾಗದ ನೋಡಿ ಕೇಳಿದಳು, "ಅಜ್ಜ, ದೊಡ್ಡದಾಗಿ ಕೊಯ್ದರೆ ಡಾಕ್ಟ್ರಿಗೆ ಚೆನ್ನಾಗಿ ಕಾಣುತ್ತದಲ್ಲ, ಮತ್ತೆ ಯಾಕೆ ಬೇಡ?"

ಸರಿಯಾದ ಪ್ರಶ್ನೆ. ಉತ್ತರ ಇರುವುದು ಮೂಳೆಯಲ್ಲಲ್ಲ, ಚರ್ಮದಲ್ಲಿ. ಹಿಮ್ಮಡಿಯ ಹೊರಬದಿ ಮುಟ್ಟಿ ನೋಡಿ, ಚರ್ಮದ ಕೆಳಗೇ ಮೂಳೆ ಸಿಗುತ್ತದೆ. ನಡುವೆ ಮಾಂಸ ಇಲ್ಲವೇ ಇಲ್ಲ ಎನ್ನಬಹುದು. 'ಎಲ್'ನ ಮೂಲೆಗೆ ರಕ್ತ ಸಾಲದೆ ಗಾಯ ಬಿಚ್ಚಿಕೊಳ್ಳಬಹುದು, ಕೀವು ಮೂಳೆಗೂ ಇಳಿಯಬಹುದು. ಸಕ್ಕರೆ ಕಾಯಿಲೆಯವರಿಗೆ, ಬೀಡಿ-ಸಿಗರೇಟು ಸೇದುವವರಿಗೆ ಈ ಭಯ ಹೆಚ್ಚು. ನನ್ನ ತಮ್ಮನಿಗೆ ಎರಡೂ ಇದ್ದವು. ಸಣ್ಣ ಗಾಯದಲ್ಲಿ ಈ ತೊಂದರೆ ಕಡಿಮೆ. ಆದರೆ ಡಾಕ್ಟರಿಗೆ ಕಾಣುವುದೂ ಕಡಿಮೆ, ಕೈ ಪಳಗಿರಬೇಕು. ಎರಡು ವಾರ ದಾಟಿದರೆ ತುಂಡುಗಳು ಅಂಟಿಕೊಂಡು ಕೆಲಸ ಕಷ್ಟ.

ಆಪರೇಷನ್ನೇ ಬೇಡ ಎಂಬ ಪಕ್ಷವೂ ಬಲವಾಗಿತ್ತು. ಅದಕ್ಕೆ ಆಧಾರ ಇಲ್ಲದಿಲ್ಲ. ಬ್ರಿಟನ್ನಿನ 22 ಆಸ್ಪತ್ರೆಗಳಲ್ಲಿ 151 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಮಾಡಿ, ಇನ್ನೊಂದಕ್ಕೆ ಮಾಡದೆ ನೋಡಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಎರಡು ವರ್ಷದ ನಂತರ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ತೊಡಕುಗಳು ಮಾತ್ರ ಆಪರೇಷನ್ ಆದವರಲ್ಲಿ ಹೆಚ್ಚು. ಇದನ್ನು ನಾನು ಡಾಕ್ಟರ ಮುಂದಿಟ್ಟೆ. ಅವರು ಸಿಟ್ಟಾಗಲಿಲ್ಲ. "ಅಲ್ಲಿ ಮಾಡಿದ್ದು ದೊಡ್ಡ ಕೊಯ್ತದ ಕ್ರಮ. ಹಿಮ್ಮಡಿ ತೀರಾ ಆಕಾರಗೆಟ್ಟವರನ್ನು ಆ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲ. ನಿಮ್ಮ ತಮ್ಮನದ್ದು ಅಂಥದ್ದೇ. ಹೀಗೇ ಬಿಟ್ಟರೆ ಚಪ್ಪಲಿಯೂ ಹಿಡಿಸಲಿಕ್ಕಿಲ್ಲ" ಎಂದರು. ಉತ್ತರ ನನಗೆ ಹಿಡಿಸಿತು. ಸರಾಸರಿ ಲೆಕ್ಕದಲ್ಲಿ ನಮ್ಮ ಖಾತೆ ಸೇರಿದೆಯೋ ಇಲ್ಲವೋ ಎಂದು ಮೊದಲು ನೋಡಬೇಕಲ್ಲ!

ಸಣ್ಣ ಗಾಯದ ಕ್ರಮವೇ ಆಗಲಿ ಎಂದಾಯಿತು. ಶರತ್ತು ಎರಡು: ಸಕ್ಕರೆ ಹತೋಟಿಗೆ ಬರಬೇಕು, ಬೀಡಿ ಬಿಡಬೇಕು. ನಾನೂ ಅವನ ಹೆಂಡತಿಯೂ ನಲವತ್ತು ವರ್ಷ ಹೇಳಿ ಬಿಡಿಸಲಾಗದ ಬೀಡಿಯನ್ನು ಅವನು ಆ ಒಂದು ಮಾತಿಗೆ ಬಿಟ್ಟ. ಹತ್ತನೇ ದಿನ ಸುಕ್ಕು ಕಂಡಿತು, ಹನ್ನೊಂದನೇ ದಿನ ಆಪರೇಷನ್. ಗಾಯ ಒಣಗಿತು. ಹತ್ತು ವಾರ ಕಾಲೂರಲಿಲ್ಲ. ಮಳೆಗಾಲ ಪೂರ್ತಿ ಜಗಲಿಯಲ್ಲಿ ಕೂತು ಫೋನಿನಲ್ಲೇ ವ್ಯಾಪಾರ ಮಾಡಿದ.

ಈಗ ಅಂಗಡಿಗೆ ನಡೆದೇ ಹೋಗುತ್ತಾನೆ. ಸಮನಾದ ರಸ್ತೆಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ಬೆಂಗರೆಯ ಮರಳಿನಲ್ಲಿ ಮಾತ್ರ ಪಾದ ಮೊದಲಿನಂತೆ ವಾಲುವುದಿಲ್ಲ, ಸಂಜೆಗೆ ಸ್ವಲ್ಪ ನೋವು. ಧಕ್ಕೆಯಿಂದ ದೋಣಿಗೆ ಹಾಕಿದ ಹಲಗೆಯ ಮೇಲೆ ಈಗ ಮಗನನ್ನು ಕಳಿಸುತ್ತಾನೆ. ಮೊನ್ನೆ ತಪಾಸಣೆಗೆ ಹೋದಾಗ ಒಳಗಿನ ಸ್ಕ್ರೂಗಳನ್ನು ತೆಗೆಸಬೇಕೇ ಎಂದು ಕೇಳಿದ. "ಉಪದ್ರ ಕೊಡುತ್ತಿವೆಯಾ?" ಎಂದರು ಡಾಕ್ಟರು. ಇಲ್ಲ ಎಂದ. "ಹಾಗಾದರೆ ಇರಲಿ ಬಿಡಿ" ಎಂದು ಮುಂದಿನವರನ್ನು ಕರೆದರು.